ಬಸ್ ಸ್ಟಾಪ್ ಹತ್ತಿರ ಹಂಪ್ ಹಾಕಿಸಬೇಕಾ, ಬೇಡವಾ? ಗ್ರಾಮಸಭೆಗೆ ಮುಂಚೆ ನಿಮ್ಮೆಲ್ಲರ ಮಾತು ಬೇಕು

ಹೊಂಗೆಮರದ_ಮೇಷ್ಟ್ರು | ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ಜಿಲ್ಲೆಯ ಒಂದು ಊರು. ನಡುವೆ ರಾಜ್ಯ ಹೆದ್ದಾರಿ ಹಾದುಹೋಗುತ್ತದೆ. ಮನೆಗಳೆಲ್ಲ ಒಂದು ಕಡೆ. ಶಾಲೆ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಆರೋಗ್ಯ ಉಪಕೇಂದ್ರ ಇನ್ನೊಂದು ಕಡೆ. ಡೇರಿಗೆ ಹಾಲು ಹಾಕುವುದಿರಲಿ, ರೇಷನ್ ತರುವುದಿರಲಿ, ಕೂಸಿಗೆ ಇಂಜೆಕ್ಷನ್ ಹಾಕಿಸುವುದಿರಲಿ, ರಸ್ತೆ ದಾಟದೆ ನಮ್ಮೂರಲ್ಲಿ ಒಂದು ದಿನವೂ ಕಳೆಯುವುದಿಲ್ಲ.

ಹದಿನೈದು ದಿನದ ಹಿಂದೆ ನಮ್ಮ ಬೀದಿಯ ಅಜ್ಜಿಯೊಬ್ಬರು ಪಿಂಚಣಿ ತರಲು ಹೋಗಿದ್ದವರು ವಾಪಸ್ ಬಂದು ಬಸ್ಸಿಳಿದರು. ಬಸ್ಸಿನ ಹಿಂದಿನಿಂದ ದಾಟಲು ಹೆಜ್ಜೆ ಇಟ್ಟಿದ್ದಾರೆ, ತಿರುವಿನ ಕಡೆಯಿಂದ ಬಂದ ಕಾರು ಗುದ್ದಿತು. ಅಲ್ಲೇ ಹೋಗಿಬಿಟ್ಟರು. ಅವರ ಒಂದು ಚಪ್ಪಲಿ ಮೋರಿ ಪಕ್ಕ ಬಿದ್ದಿತ್ತು. ಸಂಜೆಯವರೆಗೂ ಅದನ್ನು ಎತ್ತಲು ಯಾರಿಗೂ ಕೈ ಬರಲಿಲ್ಲ.

ಈಗ ಊರೆಲ್ಲ ಒಂದೇ ಮಾತು, ಹಂಪ್ ಹಾಕಿಸಿ ಅಂತ. ಮುಂದಿನ ವಾರ ಗ್ರಾಮಸಭೆ ಇದೆ. ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಪೆನ್ನು ಹಿಡಿದು ಕೂತರೆ ಕೈ ಓಡುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

2019ರಲ್ಲಿ ಇದೇ ಜಾಗದಲ್ಲಿ ಒಬ್ಬ ಹುಡುಗನಿಗೆ ಬೈಕು ಗುದ್ದಿತ್ತು. ಜನ ಸಿಟ್ಟಿನಲ್ಲಿದ್ದರು. ಪಕ್ಕದಲ್ಲಿ ಚರಂಡಿ ಕೆಲಸ ನಡೀತಿತ್ತು, ಉಳಿದ ಕಾಂಕ್ರೀಟ್ ತಂದು ರಾತ್ರಿಯೇ ರಸ್ತೆಗೆ ಅಡ್ಡ ಹಾಕಿದೆವು. ಇಟ್ಟಿಗೆ ನಿಲ್ಲಿಸಿದಷ್ಟು ಎತ್ತರ. ಬಣ್ಣ ಇಲ್ಲ, ಬೋರ್ಡ್ ಇಲ್ಲ. ತಿಂಗಳೊಪ್ಪತ್ತು ಕಳೆದಿರಬೇಕು, ಬೆಳಗಿನ ಜಾವ ಐದೂವರೆಗೆ ಪಕ್ಕದ ಊರಿನ ಹುಡುಗ ಬೈಕಿನ ಎರಡೂ ಕಡೆ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದವನು ಅದರ ಮೇಲೆ ಹಾರಿ ಬಿದ್ದ. ರಸ್ತೆ ತುಂಬ ಹಾಲು. ಅವನ ಬಲಗೈ ಇವತ್ತಿಗೂ ಭುಜದಿಂದ ಮೇಲೆ ಏಳುವುದಿಲ್ಲ. ಆ ಹಂಪ್ ಹಾಕಿದವರಲ್ಲಿ ನಾನೂ ಒಬ್ಬ. ಟಾರ್ಚ್ ಹಿಡಿದು ನಿಂತಿದ್ದೆ.

ಆಮೇಲೆ ರಸ್ತೆಗೆ ಹೊಸದಾಗಿ ಡಾಂಬರು ಹಾಕಿದಾಗ ಅದನ್ನು ಕಿತ್ತರು. ರಸ್ತೆ ನುಣ್ಣಗಾಯಿತು, ವೇಗ ಏರಿತು, ಅಜ್ಜಿ ಹೋದರು.

ದಾಟುವ ಅಜ್ಜಿಯೂ ಉಳಿಯಬೇಕು, ಹಾಲು ತರುವ ಹುಡುಗನೂ ಉಳಿಯಬೇಕು. ಅರ್ಜಿಯಲ್ಲಿ ಏನು ಕೇಳಲಿ? ತಿಳಿದವರು ದಯವಿಟ್ಟು ಹೇಳಿ.

ವಾರಕ್ಕೊಂದು_ಮಡಿಕೇರಿ | ಭಾನುವಾರ, ರಾತ್ರಿ 10:15

ಅಜ್ಜಿಯ ವಿಷಯ ಓದಿ ಬೇಜಾರಾಯ್ತು ಸರ್. ಆದರೆ ಕಾರು ಓಡಿಸುವವನಾಗಿ ಒಂದು ಮಾತು ಹೇಳಲೇಬೇಕು. ಬಸ್ಸಿನ ಹಿಂದಿನಿಂದ ದಿಢೀರ್ ಅಂತ ಯಾರಾದರೂ ಬಂದರೆ ಎಂಥ ಡ್ರೈವರ್ ಆದರೂ ಏನು ಮಾಡಿಯಾನು? ಬಸ್ಸು ಹೋದ ಮೇಲೆ, ಎಡಕ್ಕೆ ಬಲಕ್ಕೆ ನೋಡಿ ದಾಟಿ ಅಂತ ಜನರಿಗೆ ಹೇಳಿಕೊಡಬೇಕಲ್ಲವೇ? ಎಲ್ಲ ಊರಿನವರೂ ತಮ್ಮ ತಮ್ಮ ಮುಂದೆ ಹಂಪ್ ಹಾಕಿಸಿಕೊಂಡರೆ ಹೆದ್ದಾರಿ ಯಾತಕ್ಕೆ? ಹಿಂದಿನ ಸೀಟಲ್ಲಿ ನನ್ನ ಅಮ್ಮ ಕೂತಿರುತ್ತಾರೆ, ಅವರಿಗೆ ಸೊಂಟದ ಆಪರೇಷನ್ ಆಗಿದೆ. ಕಾಣದ ಹಂಪ್ ಒಂದು ಸಿಕ್ಕರೆ ಅವರಿಗೆ ವಾರಗಟ್ಟಲೆ ನೋವು.

ಕೆಂಪುಬಸ್ಸಿನ_ಸ್ಟೇರಿಂಗ್ | ಭಾನುವಾರ, ರಾತ್ರಿ 11:02

ಮೇಷ್ಟ್ರೇ, ನಾನು ಹತ್ತೊಂಬತ್ತು ವರ್ಷದಿಂದ ಬಸ್ ಓಡಿಸ್ತಿದೀನಿ. ನಿಮ್ಮೂರಿನಂಥ ಸ್ಟಾಪ್ ದಿನಕ್ಕೆ ಮೂವತ್ತು ಸಿಗುತ್ತೆ. ಮೇಲಿನ ಸರ್ ಹೇಳಿದ್ದು ತಪ್ಪಲ್ಲ, ಆದರೆ ಅರ್ಧ ಮಾತ್ರ. ಬಸ್ಸಿಳಿದವರು ಹಿಂದಿನಿಂದ ಯಾಕೆ ದಾಟ್ತಾರೆ? ಮನೆ ಆ ಕಡೆ ಇದೆ, ಈ ಕಡೆ ನಿಲ್ಲೋಕೆ ಜಾಗ ಇಲ್ಲ. ಟಾರಿನ ಅಂಚಿಂದ ಆಚೆಗೆ ಒಂದಡಿ ಇಳಿಜಾರು, ಅದರಾಚೆ ಮುಳ್ಳು, ಇಲ್ಲ ಚರಂಡಿ. ವಯಸ್ಸಾದವರು ಎಲ್ಲಿ ನಿಂತು ಬಸ್ಸು ಹೋಗೋದನ್ನು ಕಾಯಬೇಕು?

ಇನ್ನೊಂದು. ಟಾರು ಬಿಟ್ಟು ಇಳಿಸೋಕೆ ಜಾಗ ಇಲ್ಲದೆ ನಾವು ಬಸ್ಸನ್ನ ರಸ್ತೆ ಮೇಲೇ ನಿಲ್ಲಿಸ್ತೀವಿ. ಹಿಂದಿನ ಕಾರಿನವರಿಗೆ ತಾಳ್ಮೆ ಇರಲ್ಲ, ಬಲಕ್ಕೆ ಎಳೆದು ಓವರ್‌ಟೇಕ್ ಮಾಡ್ತಾರೆ. ಆ ಹೊತ್ತಿಗೆ ಸರಿಯಾಗಿ ಬಸ್ಸಿನ ಮರೆಯಿಂದ ಒಬ್ಬರು ಹೊರಗೆ ಬರ್ತಾರೆ. ಕನ್ನಡೀಲಿ ಕಾಣುತ್ತೆ, ಕೂಗಿದರೂ ಕೇಳಲ್ಲ. ಎರಡು ಸಲ ಹಾಗೆ ಕಣ್ಣಾರೆ ನೋಡಿದೀನಿ. ರಾತ್ರಿ ಊಟ ಸೇರಲ್ಲ.

ನಿಮ್ಮ ಸ್ಟಾಪ್ ತಿರುವಿಗೆ ಎಷ್ಟು ದೂರ ಇದೆ? ಅದನ್ನ ಮೊದಲು ಹೇಳಿ.

ಜಲ್ಲಿ_ಮತ್ತು_ಡಾಂಬರು | ಸೋಮವಾರ, ಬೆಳಗ್ಗೆ 6:20

ಚಾಲಕ ಮಿತ್ರರು ಸರಿಯಾದ ಪ್ರಶ್ನೆ ಕೇಳಿದ್ದಾರೆ. ನಾನು ರಸ್ತೆ ಕೆಲಸದಲ್ಲೇ ಇದ್ದು ನಿವೃತ್ತನಾದವನು. ಮೊದಲು ಹಂಪ್ ವಿಷಯ ಹೇಳಿಬಿಡುತ್ತೇನೆ, ನಮ್ಮ ಜನ ಹಂಪ್ ಅಂತ ಕರೆಯುವ ಹತ್ತರಲ್ಲಿ ಒಂಬತ್ತು ಹಂಪೇ ಅಲ್ಲ.

ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಅವರು ಇದಕ್ಕೆ ಅಳತೆ ಕೊಟ್ಟಿದ್ದಾರೆ. ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್, ಅಂದರೆ ಸುಮಾರು ಹನ್ನೆರಡು ಅಡಿ. ನಡುವಿನ ಎತ್ತರ 10 ಸೆಂಟಿಮೀಟರ್, ನಾಲ್ಕು ಇಂಚು. ಹನ್ನೆರಡು ಅಡಿಯಲ್ಲಿ ನಾಲ್ಕೇ ಇಂಚು ಏರಿ ಇಳಿಯಬೇಕು, ತಟ್ಟೆ ಬೋರಲು ಹಾಕಿದ ಹಾಗೆ. ಗಂಟೆಗೆ 25 ಕಿಲೋಮೀಟರ್‌ನಲ್ಲಿ ಬಂದರೆ ಒಳಗೆ ಕೂತವರಿಗೆ ತೊಂದರೆಯಾಗಬಾರದು, ಅದಕ್ಕಿಂತ ಜೋರಾಗಿ ಬಂದರೆ ಗೊತ್ತಾಗಬೇಕು. ಅಷ್ಟೇ ಅದರ ಲೆಕ್ಕ. ಮುಂಚೆಯೇ ಎಚ್ಚರಿಕೆ ಫಲಕ ಇರಬೇಕು, ಹಂಪ್ ಮೇಲೆ ಕತ್ತಲಲ್ಲೂ ಹೊಳೆಯುವ ಪಟ್ಟೆ ಬಳಿದಿರಬೇಕು. ನೀವು ಆ ರಾತ್ರಿ ಹಾಕಿದ್ದು ಒಂದೂವರೆ ಅಡಿಯಲ್ಲಿ ಆರೋ ಎಂಟೋ ಇಂಚು ಇದ್ದಿರಬೇಕು. ಅದು ಗೋಡೆ. ಕಾರಿಗೆ ಬರೀ ಪೆಟ್ಟು, ಎರಡು ಚಕ್ರದವನಿಗೆ ಪ್ರಾಣ. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ ಮೇಷ್ಟ್ರೇ, ನಾನೂ ಕೆಲಸದಲ್ಲಿದ್ದಾಗ ಜನ ಮುತ್ತಿಗೆ ಹಾಕಿದರೆಂದು ಅಂಥವನ್ನು ಹಾಕಿಸಿದ್ದೇನೆ.

ಇನ್ನು ವೇಗದ ವಿಷಯ. 2018ರ ಕೇಂದ್ರ ಅಧಿಸೂಚನೆಯ ಪ್ರಕಾರ ನಿಮ್ಮ ರಸ್ತೆಯಂಥ 'ಇತರೆ ರಸ್ತೆ'ಗಳಲ್ಲಿ ಕಾರಿಗೆ ಗರಿಷ್ಠ 70, ಬೈಕು, ಬಸ್ಸು, ಲಾರಿಗೆ 60. ಇದು ಮೇಲ್ಮಿತಿ ಅಷ್ಟೇ. ರಾಜ್ಯ ಸರ್ಕಾರ, ಸ್ಥಳೀಯ ಅಧಿಕಾರಿಗಳು ಇದಕ್ಕಿಂತ ಕಡಿಮೆ ಮಾಡಬಹುದು. ಶಾಲೆ, ಊರು ಇದ್ದ ಕಡೆ ಮಾಡಲೇಬೇಕು. ಆದರೆ '30' ಅಂತ ಬೋರ್ಡ್ ನೆಟ್ಟು ರಸ್ತೆಯನ್ನು ಮಾತ್ರ ನೆಟ್ಟಗೆ, ಅಗಲಕ್ಕೆ, ನುಣ್ಣಗೆ ಇಟ್ಟರೆ ಯಾರೂ ಇಳಿಸುವುದಿಲ್ಲ. ಓಡಿಸುವವನು ಬೋರ್ಡ್ ನೋಡುವುದಕ್ಕಿಂತ ರಸ್ತೆ ನೋಡುತ್ತಾನೆ.

ತಿರುವಿನಿಂದ ಸ್ಟಾಪಿಗೆ ಇರುವ ದೂರ ಅಳೆದು ಹೇಳಿ. ಉಳಿದದ್ದು ಆಮೇಲೆ.

ಕಬ್ಬಿನ_ಲೋಡು | ಸೋಮವಾರ, ಬೆಳಗ್ಗೆ 8:05

ಟ್ರ್ಯಾಕ್ಟರ್‌ನವರ ಮಾತೂ ಒಂದು ಇರಲಿ. ಟ್ರೈಲರ್‌ಗೆ ಕಬ್ಬು ತುಂಬಿಕೊಂಡು ಬರುವಾಗ ಹಂಪ್ ಸಿಕ್ಕರೆ ಮುಂದಿನ ಚಕ್ರ ಮೇಲೇಳುತ್ತೆ, ಸ್ಟೇರಿಂಗ್ ಕೈಯಲ್ಲಿ ಇರಲ್ಲ. ನಿಧಾನವಾಗಿ ದಾಟಿಸಬೇಕು, ಆಗ ಹಿಂದಿನಿಂದ ಬಂದವರು ಗುದ್ದುತ್ತಾರೆ. ಇದರಲ್ಲಿ ನಮ್ಮದೂ ತಪ್ಪಿದೆ, ಒಪ್ಪಿಕೊಳ್ತೀನಿ. ಕಬ್ಬಿನ ಸೋಗೆ ಇಳಿಬಿದ್ದು ಹಿಂದಿನ ಲೈಟೇ ಮುಚ್ಚಿಹೋಗಿರುತ್ತೆ. ಹೋದ ಸೀಸನ್‌ನಲ್ಲಿ ನಮ್ಮ ಗ್ಯಾಂಗಿನವರೆಲ್ಲ ದುಡ್ಡು ಹಾಕಿ ಕೆಂಪು ರಿಫ್ಲೆಕ್ಟರ್ ಪಟ್ಟಿ ತಂದೆವು. ಟ್ರೈಲರಿಗೆ ಅಂಟಿಸಿದರೆ ಸೋಗೆ ಅದನ್ನೂ ಮರೆಮಾಡುತ್ತೆ ಅಂತ ಗೋಣಿಚೀಲಕ್ಕೆ ಹೊಲಿದು ಲೋಡಿನ ಹಿಂದಕ್ಕೆ ಇಳಿಬಿಟ್ಟಿದೀವಿ. ಇಷ್ಟು ಸಣ್ಣ ಕೆಲಸ ಹತ್ತು ವರ್ಷದ ಹಿಂದೆ ಯಾಕೆ ಮಾಡಲಿಲ್ಲ ಅನ್ನಿಸುತ್ತೆ.

ಬಿಳಿಕೋಲು | ಸೋಮವಾರ, ಮಧ್ಯಾಹ್ನ 1:30

ನನಗೆ ಕಣ್ಣು ಕಾಣುವುದಿಲ್ಲ, ಫೋನು ಓದಿ ಹೇಳುತ್ತದೆ, ಮಾತಾಡಿದ್ದನ್ನು ಬರೆಯುತ್ತದೆ. ಈ ಚರ್ಚೆಯನ್ನು ಎರಡು ಸಲ ಕೇಳಿಸಿಕೊಂಡೆ. 'ಎಡಕ್ಕೆ ಬಲಕ್ಕೆ ನೋಡಿ ದಾಟಿ' ಅಂದ ಸರ್ ಅವರಿಗೆ ಹೇಳುವುದಿಷ್ಟು: ನಾನು ಕಿವಿಯಿಂದ ದಾಟುವವನು. ಬಸ್ಸಿನ ಇಂಜಿನ್ ಆಫ್ ಆಗದೆ ಗುರುಗುಡುತ್ತಿದ್ದರೆ ಅದರ ಆಚೆಯಿಂದ ಬರುವ ಕಾರಿನ ಸದ್ದು ನನಗೆ ಕೇಳುವುದಿಲ್ಲ. ಈಗ ಬಂದಿರುವ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗಂತೂ ಸದ್ದೇ ಇಲ್ಲ, ಪಕ್ಕದಲ್ಲಿ ಗಾಳಿ ಬೀಸಿದಾಗಲೇ ಗೊತ್ತಾಗುವುದು.

ನನ್ನಂಥವನಿಗೆ ಬೇಕಾಗುವುದು ದಾಟುವ ಜಾಗ ಎಲ್ಲಿದೆ ಅಂತ ಕೋಲಿಗೆ, ಕಾಲಿಗೆ ಗೊತ್ತಾಗುವುದು. ಬಿಳಿ ಪಟ್ಟೆ ಬಳಿದರೆ ಕೋಲಿಗೆ ತಿಳಿಯದು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ, ನಡೆಯುವವರಿಗೆ ಅಗಲ ಫುಟ್‌ಪಾತ್ ಇಟ್ಟು ಮಾಡಿದ ಟೆಂಡರ್ ಶ್ಯೂರ್ ರಸ್ತೆಗಳಲ್ಲಿ ಓಡಾಡಿದ್ದೇನೆ. ಅಲ್ಲಿ ಕಾಲಿಗೆ ದಾರಿ ಸಿಗುತ್ತದೆ. ಹಳ್ಳಿಗೆ ಅಷ್ಟೆಲ್ಲ ಬೇಡ. ಚರಂಡಿ ಮೇಲೆ ಚಪ್ಪಡಿ ತಪ್ಪದೆ ಇರಲಿ, ದಾಟುವಲ್ಲಿ ಉಬ್ಬುಗೀರಿನ ಹಾಸುಗಲ್ಲು ಎರಡೂ ಕಡೆ ಇರಲಿ, ಸಾಕು.

ಆಶಾ_ಅಕ್ಕ | ಸೋಮವಾರ, ಸಂಜೆ 7:45

ಅಜ್ಜಿ ಬಿದ್ದಾಗ ಏನಾಯಿತು ಅಂತ ಮೇಷ್ಟ್ರು ಬರೆದಿಲ್ಲ, ಆದರೆ ನಮ್ಮ ಕಡೆ ಆಗುವುದನ್ನು ನಾನು ಹೇಳ್ತೀನಿ. ಸುತ್ತ ಐವತ್ತು ಜನ ನಿಂತಿರ್ತಾರೆ. ಯಾರೂ ಮುಟ್ಟಲ್ಲ. 'ಕೇಸ್ ಆಗುತ್ತೆ, ಸ್ಟೇಷನ್‌ಗೆ ಅಲೆಸ್ತಾರೆ' ಅಂತ ಭಯ.

ದಯವಿಟ್ಟು ಎಲ್ಲರೂ ತಿಳಿದುಕೊಳ್ಳಿ. ಗಾಯಾಳುವಿಗೆ ನೆರವಾದವರನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಹಿಡಿದು ಕೂರಿಸುವಂತಿಲ್ಲ. ಹೆಸರು ಹೇಳುವುದೂ ಬಿಡುವುದೂ ನಿಮ್ಮಿಷ್ಟ. ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲೇ ಇದಕ್ಕೆ ಮುದ್ರೆ ಒತ್ತಿದೆ, 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಕಲಮೇ ಸೇರಿದೆ. ನಮ್ಮ ಕರ್ನಾಟಕಕ್ಕೆ ಪ್ರತ್ಯೇಕ ಕಾಯ್ದೆಯೂ ಇದೆ.

ಹರೀಶ್ ನಂಜಪ್ಪ ಅವರನ್ನು ನೆನಪು ಮಾಡಿಕೊಳ್ಳಿ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿ ಹರಿದು ಪ್ರಾಣ ಹೋಗುತ್ತಿದ್ದಾಗಲೂ ತನ್ನ ಅಂಗಾಂಗ ದಾನ ಮಾಡಿ ಎಂದ ಹುಡುಗ. ಅವರ ಕಣ್ಣು ಇನ್ನೊಬ್ಬರಿಗೆ ಬೆಳಕಾಯಿತು. ಅವರ ಹೆಸರಲ್ಲೇ ಸರ್ಕಾರ ಸಾಂತ್ವನ ಹರೀಶ್ ಯೋಜನೆ ತಂದದ್ದು, ಅಪಘಾತವಾದ ಮೊದಲ 48 ಗಂಟೆ 25,000 ರೂಪಾಯಿವರೆಗಿನ ಚಿಕಿತ್ಸೆ. 2025ರಿಂದ ಕೇಂದ್ರದ ಯೋಜನೆಯೂ ಇದೆ, ಏಳು ದಿನ, ಒಂದೂವರೆ ಲಕ್ಷದವರೆಗೆ, ಕೈಯಿಂದ ದುಡ್ಡು ಕಟ್ಟುವಂತಿಲ್ಲ. 'ಯಾರು ಬಿಲ್ ಕಟ್ತಾರೆ' ಅಂತ ಗಾಯಾಳುವನ್ನು ರಸ್ತೆಯಲ್ಲಿ ಬಿಡಬೇಡಿ.

ಇನ್ನೊಂದು ವಿಷಯ ಎದೆಯಲ್ಲಿ ಕುಟುಕ್ತಾ ಇದೆ. ಲಸಿಕೆಗೆ ಬರುವ ತಾಯಂದಿರು ಬೈಕಲ್ಲಿ ಗಂಡನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತು, ಒಂದು ಕೈಯಲ್ಲಿ ಮೂರು ತಿಂಗಳ ಕೂಸು. ಹೆಲ್ಮೆಟ್ ಗಂಡನಿಗೆ ಮಾತ್ರ, ಅದೂ ಪೊಲೀಸರಿದ್ದರೆ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ ಜೊತೆ ಬೆಲ್ಟು, ಬೈಕು 40ಕ್ಕಿಂತ ಜೋರಾಗಿ ಹೋಗುವ ಹಾಗಿಲ್ಲ ಅಂತ ನಿಯಮವೇ ಇದೆ. ನಾನು ಮನೆಮನೆಗೆ ಹೋದಾಗ ಪೌಷ್ಟಿಕ ಆಹಾರದ ಜೊತೆ ಇದನ್ನೂ ಹೇಳ್ತೀನಿ. 'ಅಕ್ಕ, ಪಕ್ಕದೂರಿಗೆ ತಾನೆ' ಅಂತಾರೆ. ತಲೆ ಒಡೆಯುವುದು ಪಕ್ಕದೂರಿಗೆ ಹೋಗುವಾಗಲೇ.

ವಾರಕ್ಕೊಂದು_ಮಡಿಕೇರಿ | ಸೋಮವಾರ, ರಾತ್ರಿ 9:10

ಬಿಳಿಕೋಲು ಅವರೇ, ಕ್ಷಮಿಸಿ. ನಿಮ್ಮಂಥವರೂ ದಾಟುತ್ತಾರೆ ಎಂದು ಯೋಚಿಸದೆ ಬರೆದೆ.

ಆದರೂ ಕೇಳುತ್ತೇನೆ, ಹಂಪ್‌ಗಿಂತ ಕ್ಯಾಮೆರಾ ಮೇಲಲ್ಲವೇ? ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. 2023ರಲ್ಲಿ 188 ಜನ ಸತ್ತರು. ಆಮೇಲೆ ಕ್ಯಾಮೆರಾ, ಸ್ಪೀಡ್ ಗನ್, ದಂಡ ಎಲ್ಲ ಬಿಗಿ ಮಾಡಿದರು, 2024ರಲ್ಲಿ 50ಕ್ಕೆ ಇಳಿಯಿತು. ನಾನೇ ಅಲ್ಲಿ ಮೊದಲು 130ರಲ್ಲಿ ಹೋಗುತ್ತಿದ್ದವನು ಈಗ 100 ದಾಟುವುದಿಲ್ಲ.

ಹಾಲಿನ_ಕ್ಯಾನು | ಸೋಮವಾರ, ರಾತ್ರಿ 10:30

ಆ ಹೆದ್ದಾರಿಯಲ್ಲಿ ಸಾವು ಇಳಿದದ್ದು ಸಂತೋಷ. ಆದರೆ 2023ರ ಆಗಸ್ಟ್ 1ರಿಂದ ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವೇ ಇಲ್ಲ ಅನ್ನೋದನ್ನೂ ಸೇರಿಸಿ ಹೇಳಿ ಅಣ್ಣ. ನಮ್ಮನ್ನು ಸರ್ವಿಸ್ ರಸ್ತೆಗೆ ಕಳಿಸಿದರು. ಅಲ್ಲಿ ಆ ಕಡೆಯಿಂದಲೂ ವಾಹನ, ಈ ಕಡೆಯಿಂದಲೂ ವಾಹನ, ನಡೆಯುವವರೂ ಅಲ್ಲೇ, ಹಸುವೂ ಅಲ್ಲೇ. ದೊಡ್ಡ ರಸ್ತೆಗೆ ಕ್ಯಾಮೆರಾ ಬಂದ ಹಾಗೆ ಚಿಕ್ಕ ರಸ್ತೆಗೆ ಒಂದು ದೀಪವಾದರೂ ಬರಬೇಕು. ದೇಶದಲ್ಲಿ 2022ರಲ್ಲಿ ಅಪಘಾತದಲ್ಲಿ ಹೋದ 1,68,491 ಜನರಲ್ಲಿ ಶೇಕಡ 44ಕ್ಕೂ ಹೆಚ್ಚು ಜನ ಎರಡು ಚಕ್ರದವರು, ಶೇಕಡ 19ಕ್ಕೂ ಹೆಚ್ಚು ನಡೆದು ಹೋಗುವವರು. ಸಾಯುವವರು ನಾವು, ರಸ್ತೆ ಮಾಡುವಾಗ ನೆನಪಾಗುವವರು ಕಾರಿನವರು.

ಹಾಗಂತ ನಮ್ಮ ಊರಿನವರದ್ದು ಏನೂ ಇಲ್ಲ ಅನ್ನಲ್ಲ. ಹುರುಳಿ ಒಕ್ಕಣೆ ಕಾಲ ಬರಲಿ ನೋಡಿ. ರಸ್ತೆ ತುಂಬ ಒಣಗಿದ ಹುರುಳಿ ಗಿಡ, ಅಂಚಿಗೆ ಗಾಡಿ ಬರದ ಹಾಗೆ ತಲೆ ಗಾತ್ರದ ಕಲ್ಲು. ಕಾರು ಹತ್ತಿದರೆ ಕಾಳು ಬಿಡುತ್ತೆ, ಬೈಕು ಹತ್ತಿದರೆ ಜಾರುತ್ತೆ, ಕಾಳಿನ ಮೇಲೆ ಚಕ್ರ ನಿಲ್ಲೋದೇ ಇಲ್ಲ. ಕಾರಿನ ಅಡಿಗೆ ಹುಲ್ಲು ಸುತ್ತಿಕೊಂಡು ಬೆಂಕಿ ಹತ್ತಿದ್ದೂ ಇದೆ. ಸಂಜೆ ರಾಶಿ ಎತ್ತಿಕೊಂಡು ಹೋಗ್ತಾರೆ, ಕಲ್ಲು ಅಲ್ಲೇ ಬಿಟ್ಟಿರ್ತಾರೆ. ಕತ್ತಲಲ್ಲಿ ಆ ಕಲ್ಲಿಗೆ ನನ್ನ ಭಾವನ ಬೈಕು ಹೊಡೆದು ಮೂರು ಹಲ್ಲು ಹೋಯ್ತು. ಹಾಕಿದವರು ನಮ್ಮ ದೊಡ್ಡಪ್ಪನ ಮನೆಯವರೇ. ಯಾರ ಮೇಲೆ ಜಗಳ ಆಡೋದು?

ಅವರನ್ನು ಕೇಳಿದರೆ, 'ಕಣ ಎಲ್ಲಿದೆ ತೋರಿಸು' ಅಂತಾರೆ. ನಿಜ, ನಮ್ಮ ತಾತನ ಕಾಲದಲ್ಲಿ ಊರ ಹೊರಗೆ ಸಾಲಾಗಿ ಕಣ ಇದ್ದವು. ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು ಎತ್ತು ಕಟ್ಟಿ ರೋಣಗಲ್ಲು ಎಳೆಸುತ್ತಿದ್ದರು. ಎತ್ತು ಹೋದವು, ಕಣದ ಜಾಗ ಸೈಟಾಯಿತು. ಉದ್ಯೋಗ ಖಾತರಿಯಲ್ಲಿ ಒಕ್ಕಣೆ ಕಣ ಮಾಡಿಸಿಕೊಂಡ ಊರುಗಳಿವೆ. ಮೇಷ್ಟ್ರೇ, ಅರ್ಜಿಯಲ್ಲಿ ಅದನ್ನೂ ಒಂದು ಸಾಲು ಬರೀರಿ. ಕಣ ಕೊಡದೆ ರಸ್ತೆ ಬಿಡಿ ಅಂದರೆ ಯಾರೂ ಬಿಡಲ್ಲ.

ಊಟ_ತಲುಪಿಸುವವ | ಮಂಗಳವಾರ, ರಾತ್ರಿ 12:50

ಬೆಂಗಳೂರಲ್ಲಿ ಡೆಲಿವರಿ ಮಾಡ್ತೀನಿ, ಊರು ಕೆ.ಆರ್.ಪೇಟೆ ಕಡೆ. ಒಂದೇ ಮಾತು: ನಾನು ಜೋರಾಗಿ ಹೋಗೋದು ಖುಷಿಗಲ್ಲ, ಆರ್ಡರ್ ಲೆಕ್ಕಕ್ಕೆ. ರಾಂಗ್ ಸೈಡಲ್ಲಿ ಬಂದಿದೀನಿ, ಫುಟ್‌ಪಾತ್ ಮೇಲೂ ಹತ್ತಿಸಿದೀನಿ. ಒಂದ್ಸಲ ಫುಟ್‌ಪಾತಲ್ಲಿ ಒಬ್ಬ ತಾಯಿ ಮಗೂನ ಎಳೆದುಕೊಂಡು ಗೋಡೆಗೆ ಒರಗಿ ನಿಂತಿದ್ದು ನೋಡಿದೆ. ಅವತ್ತಿಂದ ಹತ್ತಿಸಲ್ಲ. ದಿನಕ್ಕೆ ಎರಡು ಆರ್ಡರ್ ಕಮ್ಮಿ ಆಗುತ್ತೆ, ಆಗಲಿ.

ಹೊಂಗೆಮರದ_ಮೇಷ್ಟ್ರು | ಶನಿವಾರ, ಮಧ್ಯಾಹ್ನ 3:15

ತಡವಾಯಿತು, ಕ್ಷಮಿಸಿ. ಎಲ್ಲರ ಮಾತನ್ನೂ ಬರೆದಿಟ್ಟುಕೊಂಡಿದ್ದೇನೆ. ಇವತ್ತು ಶಾಲೆ ಬಿಟ್ಟ ಮೇಲೆ ಏಳನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಅಳತೆ ಮಾಡಿದೆವು. ಮಕ್ಕಳು ರಸ್ತೆಗೆ ಇಳಿಯಲಿಲ್ಲ, ಬಸ್ ನಿಲ್ದಾಣದ ಜಗಲಿ ಮೇಲೇ ಇದ್ದರು. ಟೇಪು ಹಿಡಿದದ್ದು ನಾನು ಮತ್ತು ಇಬ್ಬರು ಪೋಷಕರು, ಕೈಯಲ್ಲಿ ಕೆಂಪು ಟವಲ್.

ತಿರುವಿನಲ್ಲಿ ವಾಹನ ಕಣ್ಣಿಗೆ ಬೀಳುವ ಜಾಗದಿಂದ ದಾಟುವ ಜಾಗಕ್ಕೆ 90 ಮೀಟರ್. ಟಾರಿನ ಅಗಲ 7 ಮೀಟರ್. ಬ್ಯಾಗು ಹೊತ್ತ ಮಕ್ಕಳನ್ನು ಶಾಲೆಯ ಅಂಗಳದಲ್ಲಿ 7 ಮೀಟರ್ ನಡೆಸಿ ನೋಡಿದೆ, 6 ಸೆಕೆಂಡು. ಒಬ್ಬ ಹುಡುಗಿ ಓಡಿಹೋಗಿ ಅವಳ ಅಜ್ಜಿಯನ್ನು ಕರೆತಂದಳು. ಅಜ್ಜಿ ಕೋಲೂರಿಕೊಂಡು ಅಷ್ಟು ದೂರ ನಡೆದರು. 11 ಸೆಕೆಂಡು.

ಆಮೇಲೆ ಕಪ್ಪುಹಲಗೆ ಮೇಲೆ ಲೆಕ್ಕ ಮಾಡಿಸಿದೆ. ಗಂಟೆಗೆ 80ರಲ್ಲಿ ಬರುವ ವಾಹನ 90 ಮೀಟರನ್ನು 4 ಸೆಕೆಂಡಿನಲ್ಲಿ ದಾಟುತ್ತದೆ. 60ರಲ್ಲಿ ಬಂದರೆ ಐದೂವರೆ ಸೆಕೆಂಡಿಗೆ ಸ್ವಲ್ಪ ಕಡಿಮೆ. ಅಂದರೆ ಅಜ್ಜಿ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ರಸ್ತೆ ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡೇ ಹೆಜ್ಜೆ ಇಟ್ಟರೂ ಅರ್ಧ ದಾರಿಯಲ್ಲಿರುವಾಗ ಕಾರು ಮೇಲೆ ಬಂದಿರುತ್ತದೆ. ಮಕ್ಕಳು ಓಡಿದರೆ ಮಾತ್ರ ಬಚಾವು. ಈ ಲೆಕ್ಕ ಬಂದಾಗ ತರಗತಿ ಸುಮ್ಮನಾಯಿತು. ಇಷ್ಟು ದಿನ ನಾನೂ ಮನಸ್ಸಿನೊಳಗೆ ಅಜ್ಜಿ ನೋಡದೆ ದಾಟಿದರೇನೋ ಅಂದುಕೊಂಡಿದ್ದೆ. ಅವರು ನೋಡಿಯೇ ದಾಟಿರಬಹುದು. ನೋಡಿದರೂ ಆ ಜಾಗದಲ್ಲಿ ಅವರಿಗೆ ಸಮಯವೇ ಇರಲಿಲ್ಲ.

ಹಿಂದಿನ ಬೆಂಚಿನ ಹುಡುಗನೊಬ್ಬ, 'ಸಾ, 30ರಲ್ಲಿ ಬಂದ್ರೆ?' ಅಂದ. 10.8 ಸೆಕೆಂಡು. ಅಜ್ಜಿಯ 11ಕ್ಕೆ ಹತ್ತಿರ ಹತ್ತಿರ ಸರಿಹೋಯಿತು.

ಜಲ್ಲಿ_ಮತ್ತು_ಡಾಂಬರು | ಶನಿವಾರ, ಸಂಜೆ 5:00

ಮೇಷ್ಟ್ರೇ, ಇಷ್ಟು ವರ್ಷದ ಸರ್ವಿಸ್‌ನಲ್ಲಿ ಹೀಗೆ ಅಳತೆ ಸಮೇತ ಬಂದ ಅರ್ಜಿಯನ್ನು ನಾನು ಕಂಡಿಲ್ಲ. ಇದನ್ನು ಹಿಡಿದುಕೊಂಡು ಮಾತಾಡೋಣ.

ಮೊದಲ ಕೆಲಸ, ಸ್ಟಾಪನ್ನೇ ತಿರುವಿನಿಂದ ಇನ್ನೂ 100 ಮೀಟರ್ ಆಚೆಗೆ ಸರಿಸಬಹುದಾ ನೋಡಿ. ಆಗ ಕಾಣುವ ದೂರ 190 ಮೀಟರ್. 60ರಲ್ಲಿ ಬರುವವನಿಗೂ ಅಷ್ಟು ದಾಟಲು 11 ಸೆಕೆಂಡಿನ ಮೇಲೆ ಬೇಕು, 40ರಲ್ಲಿ 17. ಬ್ರೇಕಿನ ಲೆಕ್ಕವೂ ಹೇಳುತ್ತೇನೆ: ಒಣಗಿದ ರಸ್ತೆ, ಒಳ್ಳೆಯ ಬ್ರೇಕು, ಡ್ರೈವರ್ ಒಂದು ಸೆಕೆಂಡಿನಲ್ಲಿ ಎಚ್ಚೆತ್ತರೂ 80ರಲ್ಲಿ ನಿಲ್ಲಲು ಸುಮಾರು 58 ಮೀಟರ್ ಬೇಕು, 60ರಲ್ಲಿ 37, 40ರಲ್ಲಿ 20. ಮಳೆ ಬಂದರೆ ಇನ್ನೂ ಹೆಚ್ಚು.

ಎರಡನೆಯದು, ಬಸ್ಸು ಟಾರಿನಿಂದ ಪೂರ್ತಿ ಆಚೆ ನಿಲ್ಲುವ ಹಾಗೆ ಬಸ್ ಬೇ. ಇಳಿದವರು ಕಾಯಲು ಗಟ್ಟಿ ನೆಲ. ದಾಟುವುದು ಬಸ್ಸಿನ ಹಿಂಬದಿಯಲ್ಲಿ ಸ್ವಲ್ಪ ದೂರಕ್ಕೆ ಗುರುತು ಮಾಡಿದ ಜಾಗದಲ್ಲಿ. ಅಲ್ಲಿ ಹಂಪ್ ಬದಲು ಎತ್ತರಿಸಿದ ದಾಟುಹಾಸು ಕೇಳಿ, ಅಂದರೆ ಮೇಲ್ಭಾಗ ಚಪ್ಪಟೆ, ಎರಡೂ ಕಡೆ ಉದ್ದನೆಯ ಇಳಿಜಾರು, ಜೀಬ್ರಾ ಪಟ್ಟೆ ಅದರ ಮೇಲೇ. ನಡೆಯುವವರು ಇಳಿಯದೆ ಹತ್ತದೆ ಮಟ್ಟಸವಾಗಿ ಹೋಗಬಹುದು, ಗಾಲಿಕುರ್ಚಿಯೂ ಹೋಗುತ್ತದೆ. ಬೈಕು ಹಾರುವುದಿಲ್ಲ, ಟ್ರ್ಯಾಕ್ಟರ್ ಮೂತಿ ಏಳುವುದಿಲ್ಲ, ಕಾರಿನ ಅಮ್ಮನಿಗೂ ಸೊಂಟ ನೋಯುವುದಿಲ್ಲ. ಆದರೆ ಇದು ಊರು ಶುರುವಾಗುವ ಮುಂಚೆಯೇ ವೇಗ ಇಳಿದಿದ್ದರೆ ಮಾತ್ರ ಕ್ಷೇಮ. ತಿರುವಿಗೆ ಮುಂಚೆ ಚಕ್ರ ಹತ್ತಿದರೆ ಸದ್ದು ಮಾಡುವ ಸಣ್ಣ ಪಟ್ಟಿಗಳು, 30ರ ಬೋರ್ಡ್, ಮೇಲೊಂದು ದೀಪ ಇರಲೇಬೇಕು. ದೀಪವಿಲ್ಲದೆ ಏನು ಕಟ್ಟಿದರೂ ಒಪ್ಪಬೇಡಿ. ನಿಮ್ಮ ಹಾಲಿನ ಹುಡುಗ ಬಿದ್ದದ್ದು ಎತ್ತರಕ್ಕಿಂತ ಕತ್ತಲಿಗೆ.

ಕೆಂಪುಬಸ್ಸಿನ_ಸ್ಟೇರಿಂಗ್ | ಶನಿವಾರ, ರಾತ್ರಿ 8:20

100 ಮೀಟರ್ ಆಚೆ ಸರಿಸಿದರೆ ಜನ ಅಲ್ಲಿಗೆ ನಡೀತಾರಾ? ಇದು ನನ್ನ ಅನುಮಾನ. ನಾಳೆ ಮಳೆ ಬಂದರೆ 'ಡ್ರೈವರಣ್ಣ ಇಲ್ಲೇ ನಿಲ್ಲಿಸು' ಅಂತಾರೆ. ನಿಲ್ಲಿಸದಿದ್ದರೆ ಬಾಯಿಗೆ ಬಂದಂಗೆ ಬೈತಾರೆ. ನೆರಳು, ಕೂರೋಕೆ ಕಟ್ಟೆ ಹೊಸ ಜಾಗದಲ್ಲಿ ಮೊದಲು ಬರಲಿ. ಜನ ನೆರಳು ಇದ್ದ ಕಡೆ ನಿಲ್ತಾರೆ, ಬಸ್ಸು ಜನ ಇದ್ದ ಕಡೆ ನಿಲ್ಲುತ್ತೆ.

ಹೊಂಗೆಮರದ_ಮೇಷ್ಟ್ರು | ಗುರುವಾರ, ರಾತ್ರಿ 10:05

ಗ್ರಾಮಸಭೆ ಮುಗಿಯಿತು. ನಾಲ್ಕು ಗಂಟೆ ನಡೆಯಿತು, ಗಲಾಟೆಯೂ ಆಯಿತು.

ಅಜ್ಜಿಯ ಮಗ ಎದ್ದು ನಿಂತು, 'ನನಗೆ ಅಳತೆ ಗಿಳತೆ ಬೇಡ, ನಾಳೆ ಬೆಳಗಾಗೋದರಲ್ಲಿ ಹಂಪ್ ಬೇಕು, ನಾನೇ ದುಡ್ಡು ಹಾಕ್ತೀನಿ' ಅಂದರು. ಯಾರಿಗೂ ಎದುರಾಡುವ ಬಾಯಿ ಇರಲಿಲ್ಲ. ನಾನು 2019ರ ಆ ರಾತ್ರಿಯ ಕಥೆ ಹೇಳಿದೆ. ಊರಿನಲ್ಲಿ ಬಹಳ ಜನ ಅದನ್ನು ಮರೆತಿದ್ದರು, ಇಲ್ಲ ಮರೆತ ಹಾಗಿದ್ದರು. ಹಾಲಿನ ಹುಡುಗನೂ ಬಂದಿದ್ದ, ಕರೆದಿರಲಿಲ್ಲ, ತಾನಾಗಿ ಬಂದಿದ್ದ. ಎದ್ದು ನಿಂತು ಬಲಗೈ ಎತ್ತಲು ಹೋದ. ಭುಜದ ತನಕ ಬಂತು, ಅಲ್ಲಿಗೆ ನಿಂತಿತು. ಏನೂ ಮಾತಾಡಲಿಲ್ಲ, ಕೂತುಕೊಂಡ. ಅಜ್ಜಿಯ ಮಗ ಹೋಗಿ ಅವನ ಪಕ್ಕ ಕೂತರು.

ಅರ್ಜಿ ಹೀಗೆ ಹೋಗುತ್ತಿದೆ: ಸ್ಟಾಪ್ ಸರಿಸುವುದು, ಬಸ್ ಬೇ, ಎತ್ತರಿಸಿದ ದಾಟುಹಾಸು, ದೀಪ, ಚರಂಡಿಗೆ ಚಪ್ಪಡಿ, ಊರಿನ ಉದ್ದಕ್ಕೂ 30ರ ಮಿತಿ, ಮತ್ತು ಸರ್ವೆ ನಂಬರ್ ಸಮೇತ ಒಕ್ಕಣೆ ಕಣಕ್ಕೆ ಜಾಗ. ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಒಂದು ಪ್ರತಿ. ಮಕ್ಕಳು ಬರೆದ ನಕ್ಷೆಯನ್ನೂ ಲಗತ್ತಿಸಿದ್ದೇವೆ.

ಒಂದು ಕಚೇರಿಯಲ್ಲಿ ಆಗಲೇ ಒಂದು ಉತ್ತರ ಸಿಕ್ಕಿದೆ: 'ನಿಮ್ಮ ಜಾಗ ಬ್ಲ್ಯಾಕ್ ಸ್ಪಾಟ್ ಪಟ್ಟಿಯಲ್ಲಿ ಇಲ್ಲ.' ಆ ಪಟ್ಟಿಗೆ ಬರಬೇಕಾದರೆ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಕ್ಕೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ ಆಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ನಮ್ಮಲ್ಲಿ ಇನ್ನೂ ಅಷ್ಟು ಆಗಿಲ್ಲ. ಅಷ್ಟು ಆಗುವವರೆಗೆ ಕಾಯಲು ನಮ್ಮಲ್ಲಿ ಯಾವ ಮನೆಯವರನ್ನು ಕೇಳಲಿ?

ಜಲ್ಲಿ_ಮತ್ತು_ಡಾಂಬರು | ಗುರುವಾರ, ರಾತ್ರಿ 10:50

ಪಟ್ಟಿಯಲ್ಲಿಲ್ಲ ಅಂದ ಮಾತ್ರಕ್ಕೆ ಕೆಲಸ ಮಾಡಬಾರದು ಅಂತ ಎಲ್ಲೂ ಬರೆದಿಲ್ಲ. ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: ಮೋಟಾರು ವಾಹನ ಕಾಯ್ದೆಯ 198ಎ ಪ್ರಕಾರ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ ಒಂದು ಲಕ್ಷದವರೆಗೆ ದಂಡವಿದೆ. ಬೆದರಿಕೆಯ ದನಿಯಲ್ಲಿ ಬೇಡ, ಮಾಹಿತಿಗಾಗಿ ಅಂತ ಬರೆಯಿರಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ವಾರಕ್ಕೊಂದು_ಮಡಿಕೇರಿ | ಶುಕ್ರವಾರ, ಬೆಳಗ್ಗೆ 7:30

ಮೇಷ್ಟ್ರೇ, ಹೊಸ ಜಾಗದಲ್ಲಿ ಕಟ್ಟೆಗೂ ನೆರಳಿಗೂ ಎಷ್ಟು ಖರ್ಚಾಗಬಹುದು? ನನ್ನ ಕೈಲಾದದ್ದು ಕೊಡುತ್ತೇನೆ. ನಾನು ಓಡಾಡುವ ದಾರಿ ಯಾವುದೋ ನಿಮ್ಮ ಊರಿನಂಥದ್ದೇ.

ಕೆಂಪುಬಸ್ಸಿನ_ಸ್ಟೇರಿಂಗ್ | ಶನಿವಾರ, ರಾತ್ರಿ 9:35

ನಿಮ್ಮ ರೂಟಲ್ಲಿ ಓಡಿಸೋ ನಮ್ಮ ಹುಡುಗನಿಗೆ ಫೋನ್ ಮಾಡಿ ಎಲ್ಲ ಹೇಳಿದ್ದೆ. ಇವತ್ತಿಂದ ಹೊಸ ಸ್ಟಾಪಿಗೆ ಹೇಳಿದ ಜಾಗದಲ್ಲಿ, ಬೇವಿನ ಮರದ ಹತ್ತಿರ ನಿಲ್ಲಿಸ್ತಿದಾನಂತೆ. ಬೆಳಗಿನ ಟ್ರಿಪ್ಪಲ್ಲಿ ಇಬ್ಬರು ಬೈದರಂತೆ, ಮಿಕ್ಕವರು ಸುಮ್ಮನೆ ಇಳಿದರಂತೆ.

ಹೊಂಗೆಮರದ_ಮೇಷ್ಟ್ರು | ಶನಿವಾರ, ರಾತ್ರಿ 9:50

ಹೌದು, ನಾನೂ ನೋಡಿದೆ. ಸಂಜೆ ಬಸ್ಸಿಗೆ ಏಳನೇ ಕ್ಲಾಸಿನ ನಾಲ್ಕು ಮಕ್ಕಳು ಮರದ ಕೆಳಗೆ ನಿಂತು ಇಳಿದವರಿಗೆಲ್ಲ, 'ಬಸ್ಸು ಹೋಗ್ಲಿ, ತಡೀರಿ' ಅನ್ನುತ್ತಿದ್ದರು. ನೆಲ ಇನ್ನೂ ಏರುತಗ್ಗು ಇದೆ. ನಾಳೆ ಭಾನುವಾರ, ನಾವು ಎಂಟು ಜನ ಗುದ್ದಲಿ, ಪುಟ್ಟಿ ತೆಗೆದುಕೊಂಡು ಹೋಗುತ್ತಿದ್ದೇವೆ. ಟಾರು ಮುಟ್ಟುವುದಿಲ್ಲ. ಅಂಚಿನ ಮಣ್ಣು ಮಾತ್ರ ಮಟ್ಟ ಮಾಡುತ್ತೇವೆ. ಹಾಲಿನ ಹುಡುಗನೂ ಬರುತ್ತೇನೆ ಅಂದಿದ್ದಾನೆ, ಎಡಗೈಯಲ್ಲಿ ಪುಟ್ಟಿ ಹಿಡಿಯಬಲ್ಲೆ ಅಂದ.